ನಿಂಬೆಯನ್ನು ಕೊನೆಗೆ ಹಿಂಡಿ

ನಮ್ಮ ಮನೆಗೆ ಮಿಕ್ಸಿ ಬಂದ ಹೊಸತು. ಯಜಮಾನರ ಆಫೀಸಿನವರು ನಾಲ್ಕು ಜನ ಮಟಮಟ ಮಧ್ಯಾಹ್ನ ಬಂದಿದ್ದರು. ಕಲ್ಲಂಗಡಿ ಹೋಳು, ಸಕ್ಕರೆ, ಜೊತೆಗೆ ಎರಡು ನಿಂಬೆಹಣ್ಣನ್ನು ಸಿಪ್ಪೆ, ಬೀಜ ಸಮೇತ ಜಾರಿಗೆ ಹಾಕಿ ಗಿರ್ರನೆ ತಿರುಗಿಸಿ, ಸೋಸಿ ಕೊಟ್ಟೆ. ಬಣ್ಣವೇನೋ ಚೆನ್ನಾಗೇ ಬಂದಿತ್ತು. ಒಬ್ಬರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಅತ್ತಿಗೆ, ಒಂಚೂರು ನೀರು ಕೊಡ್ತೀರಾ?" ಅಂದರು. ಒಳಗೆ ಬಂದು ರುಚಿ ನೋಡುತ್ತೇನೆ, ಬೇವಿನ ಕಷಾಯ! ನಮ್ಮ ಅತ್ತೆ ಬೈಯಲಿಲ್ಲ. "ನಿಂಬೆಹಣ್ಣು ಇರೋದು ಹಿಂಡೋದಕ್ಕೆ ಕಣೇ, ಅರೆಯೋದಕ್ಕಲ್ಲ" ಅಂದು ಮಜ್ಜಿಗೆ ಕಡೆಯಲು ಕೂತರು.

ಬೀಜ ಒಡೆದರೆ ಕಹಿ, ಸಿಪ್ಪೆಯ ಒಳಗಿನ ಬಿಳಿ ಪದರ ನುರಿದರೂ ಕಹಿ. ಹಾಗಾಗಿ ಕೊನೆಯ ಹನಿವರೆಗೂ ಬಟ್ಟೆ ಹಿಂಡಿದ ಹಾಗೆ ಹಿಂಡುವ ಆಸೆ ಬಿಡಿ. ಹಣ್ಣು ಕೊಳ್ಳುವಾಗಲೇ ತೆಳು ಸಿಪ್ಪೆಯ, ಹಳದಿಗೆ ತಿರುಗಿದ, ಕೈಯಲ್ಲಿಟ್ಟರೆ ತೂಕ ಅನ್ನಿಸುವಂಥದ್ದನ್ನು ಆರಿಸಿ. ಹಸಿರಾಗಿ ಗಟ್ಟಿಯಾಗಿರುವುದಕ್ಕೆ ದುಡ್ಡು ಸುರಿದರೆ ಸಿಗುವುದು ಸಿಪ್ಪೆಯೇ. ಫ್ರಿಜ್ಜಿನಿಂದ ತೆಗೆದ ಹಣ್ಣನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿಟ್ಟು, ಅಂಗೈಯಿಂದ ಕಟ್ಟೆಯ ಮೇಲೆ ಒತ್ತಿ ಉರುಳಿಸಿ ಕತ್ತರಿಸಿದರೆ ರಸ ತಾನಾಗಿ ಇಳಿಯುತ್ತದೆ. ಒಂದು ದೊಡ್ಡ ಲೋಟ ಶರಬತ್ತಿಗೆ ಅರ್ಧ ಹಣ್ಣು ಧಾರಾಳ ಸಾಕು.

ಹಣ್ಣಿನ ಜೊತೆ ನಿಂಬೆ ಬೆರೆಸುವಾಗ ನನ್ನದು ಒಂದೇ ಕಟ್ಟಳೆ: ನಿಂಬೆ ಯಾವತ್ತೂ ಕೊನೆಗೆ. ಒಲೆಯ ಮೇಲಿರುವುದಕ್ಕೆ ಹಿಂಡಬಾರದು, ಘಮವೂ ಹೋಗುತ್ತದೆ, ವಿಟಮಿನ್ ಸಿ ಕೂಡ ಕಡಿಮೆಯಾಗುತ್ತದೆ. ಬೆಳಿಗ್ಗೆಯೇ ಹಿಂಡಿ ಬೆರೆಸಿಟ್ಟರೆ ಮಧ್ಯಾಹ್ನದ ಹೊತ್ತಿಗೆ ನಾಲಿಗೆಯ ತುದಿಗೆ ಕಹಿ ಹತ್ತುತ್ತದೆ. ಅಂದಕ್ಕೆಂದು ನಿಂಬೆಯ ಬಿಲ್ಲೆ ಕತ್ತರಿಸಿ ಜಗ್ಗಿನಲ್ಲಿ ತೇಲಿಬಿಡುತ್ತಾರಲ್ಲ, ಅದಂತೂ ಇನ್ನೂ ಬೇಗ ಕೆಡಿಸುತ್ತದೆ. ಫೋಟೋಗೆ ಚೆಂದ, ಕುಡಿಯೋರಿಗೆ ಕಷ್ಟ.

ಸಕ್ಕರೆ ತಣ್ಣೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ತಳದಲ್ಲಿ ಕೂತುಬಿಡುತ್ತದೆ. ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕುದಿಸಿ, ಕರಗಿದ ಕೂಡಲೇ ಇಳಿಸಿ. ಎಳೆಪಾಕ ಬರಬೇಕಾಗಿಲ್ಲ. ಇಳಿಸುವಾಗ ಎರಡು ಏಲಕ್ಕಿ ಜಜ್ಜಿ ಹಾಕಿ, ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟುಕೊಳ್ಳಿ. ಬಿಸಿಲಲ್ಲಿ ಯಾರೇ ಬರಲಿ, ಎರಡು ನಿಮಿಷದ ಕೆಲಸ.

ಇನ್ನು ಹಣ್ಣು. ನನಗೆ ಎಲ್ಲಕ್ಕಿಂತ ಇಷ್ಟ ನಮ್ಮ ಕಪ್ಪು ದ್ರಾಕ್ಷಿ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಬ್ಲೂ. ಬೀಜ ಇದೆ, ಸಿಪ್ಪೆ ದಪ್ಪ, ಹುಳಿ ಅಂತ ಮಕ್ಕಳು ತಿನ್ನುವುದಿಲ್ಲ. ಶರಬತ್ತಿಗೆ ಮಾತ್ರ ಇದರ ಮುಂದೆ ಬೀಜವಿಲ್ಲದ ಹಸಿರು ದ್ರಾಕ್ಷಿ ಸಪ್ಪೆ. ಅರ್ಧ ಕೆಜಿ ಹಣ್ಣನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಎರಡು ಮೂರು ಸಲ ತೊಳೆದು, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿಡಿ. 7-8 ನಿಮಿಷಕ್ಕೆ ಸಿಪ್ಪೆ ಸೀಳಿ ಬಣ್ಣ ಬಿಡುತ್ತದೆ. ಇಲ್ಲೂ ಮಿಕ್ಸಿ ಬೇಡ, ಬೀಜ ಒಡೆಯುತ್ತದೆ. ಸೌಟಿನ ಬೆನ್ನಿನಿಂದ ಮೆಲ್ಲಗೆ ಕಿವುಚಿ ಸೋಸಿ, ಬಿಸಿ ಇರುವಾಗಲೇ ಅರ್ಧ ಲೋಟ ಸಕ್ಕರೆ ಬೆರೆಸಿ ಆರಲು ಬಿಡಿ. ಕುಡಿಯುವ ಹೊತ್ತಿಗೆ ಕಾಲು ಲೋಟ ಈ ರಸಕ್ಕೆ ಮುಕ್ಕಾಲು ಲೋಟ ತಣ್ಣೀರು ಹುಯ್ಯಿರಿ. ನಿಮ್ಮದು ಬೋರ್‌ವೆಲ್ ನೀರಾದರೆ ಬಣ್ಣ ನೀಲಿಗಟ್ಟಿ ಮಂಕಾಗಬಹುದು. ಕೆಟ್ಟಿತು ಅಂತ ಚೆಲ್ಲಬೇಡಿ. ನಿಂಬೆರಸ ಹನಿಸುತ್ತಾ ಹೋಗಿ, ಆ ಮಂಕು ಬಣ್ಣ ನೋಡನೋಡುತ್ತಾ ಕೆಂಪಗೆ ತಿರುಗುತ್ತದೆ. ದ್ರಾಕ್ಷಿ ಸಿಪ್ಪೆಯ ಬಣ್ಣದ ಗುಣವೇ ಅದು, ಹುಳಿ ಸೋಕಿದರೆ ಕೆಂಪಾಗುವುದು. ನನ್ನ ಮೊಮ್ಮಗ ಇದನ್ನು ನೋಡುವುದಕ್ಕೇ "ಅಜ್ಜಿ, ನಾನು ಹಿಂಡ್ತೀನಿ" ಅಂತ ಸ್ಟೂಲು ಎಳೆದುಕೊಂಡು ಬರುತ್ತಾನೆ.

ಕಲ್ಲಂಗಡಿಗೆ ನೀರೂ ಬೇಡ, ಸಕ್ಕರೆಯೂ ಬೇಡ. ಹೋಳುಗಳನ್ನು ಜರಡಿಯ ಮೇಲಿಟ್ಟು ಕೈಯಿಂದ ಉಜ್ಜಿದರೆ ಬೀಜ ಮೇಲೆ ಉಳಿಯುತ್ತದೆ, ರಸ ಕೆಳಗೆ ಇಳಿಯುತ್ತದೆ. ಚಿಟಿಕೆ ಉಪ್ಪು, ಒಂದೆರಡು ಕಾಳುಮೆಣಸಿನ ಪುಡಿ, ಕೊನೆಗೆ ನಿಂಬೆ. ಐಸ್ ಹಾಕಿದರೆ ನೀರುನೀರಾಗುತ್ತದೆ, ಅದರ ಬದಲು ಕಲ್ಲಂಗಡಿಯದೇ ಸಣ್ಣ ಹೋಳುಗಳನ್ನು ಫ್ರೀಜರಿನಲ್ಲಿಟ್ಟು ಲೋಟಕ್ಕೆ ಹಾಕಿ.

ಕರಬೂಜಕ್ಕೆ ಬೆಲ್ಲವೇ ಸರಿ. ರಾಮನವಮಿಯ ಪಾನಕ ಕುಡಿದು ಬೆಳೆದವರಿಗೆ ನಾನೇನು ಹೇಳುವುದು! ಬೆಲ್ಲವನ್ನು ನೀರಿನಲ್ಲಿ ಕರಗಿಸಿ ತಪ್ಪದೆ ಸೋಸಿಕೊಳ್ಳಿ, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ. ಹಣ್ಣನ್ನು ಕೈಯಲ್ಲೇ ಕಿವುಚಿ, ಸಣ್ಣ ಸಣ್ಣ ಚೂರು ಬಾಯಿಗೆ ಸಿಗಬೇಕು. ಏಲಕ್ಕಿ, ಚೂರು ಒಣಶುಂಠಿ. ನಿಂಬೆ ನಾಲ್ಕೈದು ಹನಿ ಬಿದ್ದರೆ ಸಾಕು, ಆ ಹಣ್ಣಿಗೆ ಸ್ವಂತದ ಹುಳಿ ಇಲ್ಲದ್ದರಿಂದ ಅಷ್ಟರಲ್ಲೇ ರುಚಿ ಎದ್ದು ಬರುತ್ತದೆ. ಮಾಡಿದ ಗಂಟೆ ಎರಡು ಗಂಟೆಯೊಳಗೆ ಖಾಲಿ ಮಾಡಿ. ಅನಾನಸ್ಸು ತಾನೇ ಹುಳಿ, ನಿಂಬೆ ಕೈ ಹಿಡಿದು ಹಾಕಿ. ಪುನರ್ಪುಳಿ ಇರುವ ಕರಾವಳಿಯವರಿಗೆ ನಿಂಬೆಯ ಹಂಗೇ ಇಲ್ಲ ಬಿಡಿ.

ಕಾಮಕಸ್ತೂರಿ ಬೀಜ ಹಾಕುವುದಾದರೆ ಒಂದು ಚಮಚಕ್ಕೆ ಅರ್ಧ ಲೋಟ ನೀರು, 15 ನಿಮಿಷ ನೆನೆಯಲಿ. ಒಣ ಬೀಜವನ್ನು ನೇರವಾಗಿ ಶರಬತ್ತಿಗೆ ಉದುರಿಸಬೇಡಿ. ಸಕ್ಕರೆ ಕಾಯಿಲೆಯವರು "ನಮ್ಮದು ಬೆಲ್ಲದ್ದು, ಏನೂ ಆಗಲ್ಲ" ಅಂತ ಎರಡನೇ ಲೋಟ ಕೇಳುತ್ತಾರೆ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಬೆಲ್ಲವೂ ಸಕ್ಕರೆಯೇ. ಅವರಿಗೆ ನಾನು ಕೊಡುವುದು ಉಪ್ಪು, ಜೀರಿಗೆ ಪುಡಿ ಹಾಕಿದ ನಿಂಬೆನೀರು.

ಪಾತ್ರೆಯ ಕಡೆಗೂ ಗಮನವಿರಲಿ. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂನಲ್ಲಿ ಹುಳಿ ನಿಲ್ಲಿಸಬಾರದು. ಸ್ಟೀಲು, ಗಾಜು, ಇಲ್ಲವೇ ಪಿಂಗಾಣಿ. ತಣ್ಣೀರಿಗೆ ಮಣ್ಣಿನ ಹೂಜಿ ಇದ್ದರೆ ಅದಕ್ಕಿಂತ ಬೇರೇನು ಬೇಕು, ಆದರೆ ಹೂಜಿಯಲ್ಲಿ ನೀರನ್ನಷ್ಟೇ ಇಡಿ. ಒಮ್ಮೆ ಶರಬತ್ತು ಹುಯ್ದರೆ ಆ ವಾಸನೆ ಮಣ್ಣು ಬಿಡುವುದಿಲ್ಲ.

ಬೇಸಿಗೆಯಲ್ಲಿ ಒಂದು ನಿಂಬೆಗೆ 10 ರೂಪಾಯಿ ಕೇಳಿದಾಗ ಹೊಟ್ಟೆ ಉರಿಯುತ್ತದಲ್ಲವೇ? ಮಳೆಗಾಲದಲ್ಲಿ ಅಗ್ಗಕ್ಕೆ ಸಿಕ್ಕಾಗ ರಸ ಹಿಂಡಿ, ಬೀಜ ಸೋಸಿ, ಐಸ್ ಟ್ರೇಗೆ ಹುಯ್ದು ಗಟ್ಟಿ ಮಾಡಿ, ಬಿಲ್ಲೆಗಳನ್ನು ಡಬ್ಬಿಗೆ ಹಾಕಿ ಫ್ರೀಜರಿನಲ್ಲೇ ಇಡಿ. ಒಂದು ಬಿಲ್ಲೆ ಅಂದರೆ ಹೆಚ್ಚುಕಡಿಮೆ ಒಂದು ಹಣ್ಣಿನ ರಸ. ಹಿಂಡಿದ ಹೋಳುಗಳನ್ನೂ ಎಸೆಯಬೇಡಿ. ಉಪ್ಪಿನಲ್ಲಿ ಅದ್ದಿ ಉಜ್ಜಿದರೆ ದೇವರ ಮನೆಯ ತಾಮ್ರದ ಪಂಚಪಾತ್ರೆ, ಉದ್ಧರಣೆ ಫಳಫಳ ಅನ್ನುತ್ತವೆ. ಬೆರಳಿನಲ್ಲಿ ಗಾಯವಿದ್ದರೆ ಮಾತ್ರ ಆ ಕೆಲಸ ಇನ್ನೊಬ್ಬರಿಗೆ ಹೇಳಿ.