ಘಾಟಿಗೂ ಮಳೆಗೂ ಒಗ್ಗುವ ಚಕ್ರ: ರೋಡ್ ಬೈಕಿಗೆ ಅಲಾಯ್ ಕ್ಲಿಂಚರ್ ಆರಿಸುವುದು ಹೇಗೆ?

ರೋಡ್ ಬೈಕನ್ನು, ಅಂದರೆ ಡಾಂಬರು ರಸ್ತೆಗೆಂದೇ ಮಾಡಿದ ತೆಳು ಟೈರಿನ ಸೈಕಲನ್ನು, ಒಂದೆರಡು ವರ್ಷ ಓಡಿಸಿದವರಿಗೆ ಮೊದಲು ಬದಲಿಸಬೇಕು ಎನಿಸುವುದು ಚಕ್ರಗಳನ್ನು. ಬೈಕಿನ ಜೊತೆಗೆ ಬರುವ ಜೋಡಿ ಸಾಮಾನ್ಯವಾಗಿ ಭಾರ, ಏರಿನಲ್ಲಿ ಅದು ಗೊತ್ತಾಗುತ್ತದೆ. ಹೊಸದನ್ನು ಹುಡುಕಲು ಹೊರಟರೆ ಎದುರಾಗುವ ಜಾಹೀರಾತುಗಳೆಲ್ಲ ತೂಕ ಮತ್ತು ರಿಮ್‌ನ ಆಳದ (ಟೈರಿನ ಕಡೆಯಿಂದ ಚಕ್ರದ ನಡುವಿನ ಕಡೆಗೆ ರಿಮ್‌ನ ಎತ್ತರ) ಸುತ್ತಲೇ ಇರುತ್ತವೆ. ಬಯಲಿನ ನೇರ ಹೆದ್ದಾರಿಯಲ್ಲಿ ಓಡಿಸುವವರಿಗೆ ಅಷ್ಟು ಸಾಕಾದೀತು. ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಸಾವಿರ ಮೀಟರ್ ಇಳಿಯುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗುವುದೇ ಅಪರೂಪವಾಗಿರುವ ಕೊಡಗಿನಲ್ಲಿ ಮಾತ್ರ ಮೊದಲು ನೋಡಬೇಕಾದದ್ದು ಮೂರು: ಬ್ರೇಕ್, ಮಳೆ, ಕೆಟ್ಟಾಗ ರಿಪೇರಿ. ವೇಗದ ಲೆಕ್ಕ ಆಮೇಲೆ.

ಕ್ಲಿಂಚರ್ ಎಂದರೆ ನಮಗೆಲ್ಲ ಪರಿಚಿತವಾದ ವ್ಯವಸ್ಥೆಯೇ. ಟೈರಿನ ಅಂಚು ರಿಮ್‌ನ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ, ಒಳಗೆ ಟ್ಯೂಬ್ ಇರುತ್ತದೆ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಟ್ಯೂಬ್ ಬದಲಿಸಿ ಮುಂದೆ ಹೋಗಬಹುದು. ಮಧ್ಯಮ ಆಳದ ರಿಮ್ ಎಂದರೆ ಸುಮಾರು 28ರಿಂದ 35 ಮಿ.ಮೀ. ಎಂದು ಹಿಡಿಯಬಹುದು.

ಮೊದಲ ಹೆಜ್ಜೆ: ನಿಮ್ಮ ಬ್ರೇಕ್ ಯಾವುದು?

ರಿಮ್ ಬ್ರೇಕ್ ಇದ್ದರೆ ರಿಮ್‌ನ ಬದಿಯೇ ಬ್ರೇಕಿನ ಅರ್ಧ ಭಾಗ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಷ್ಟೂ ಶಾಖ ಆ ಬದಿಯಲ್ಲೇ ಹುಟ್ಟುತ್ತದೆ. ಅಲ್ಯೂಮಿನಿಯಂ ಅದನ್ನು ಬೇಗ ಇಡೀ ರಿಮ್‌ಗೆ ಹರಡಿ ಗಾಳಿಗೆ ಬಿಟ್ಟುಕೊಡುತ್ತದೆ. ಕಾರ್ಬನ್ ರಿಮ್ ಹಾಗಲ್ಲ. ಶಾಖ ಒಂದೇ ಕಡೆ ನಿಂತು, ಅತಿಯಾದರೆ ಅದರ ರಾಳ ಮೆತ್ತಗಾಗಿ ರಿಮ್ ಉಬ್ಬುವ, ಟ್ಯೂಬ್ ಒಡೆಯುವ ಅಪಾಯವಿದೆ. ಸಂಪಾಜೆ ಘಾಟಿಯಲ್ಲಾಗಲಿ, ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೆ ಇಳಿಯುವ ದಾರಿಯಲ್ಲಾಗಲಿ ತಿರುವಿನ ಮೇಲೆ ತಿರುವು, ಎದುರಿಗೆ ಲಾರಿ. ಬ್ರೇಕ್ ಬಿಡುವ ಧೈರ್ಯ ಯಾರಿಗೂ ಬರುವುದಿಲ್ಲ. ಆದ್ದರಿಂದ ರಿಮ್ ಬ್ರೇಕಿನವರಿಗೆ ಇಲ್ಲಿ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹ) ಬಿಟ್ಟು ಬೇರೆಯದನ್ನು ನಾನು ಹೇಳುವುದಿಲ್ಲ. ಹಣ ಎಷ್ಟೇ ಇರಲಿ.

ಆದರೆ ಅಲಾಯ್ ಸವೆಯುತ್ತದೆ. ಮಳೆಯಲ್ಲಿ ಒಂದು ಘಾಟಿ ಇಳಿದು ಬಂದು ರಿಮ್‌ನ ಬದಿಯನ್ನು ಬೆರಳಿನಿಂದ ಒರೆಸಿ ನೋಡಿ. ಕಪ್ಪು ಕೆಸರು ಅಂಟುತ್ತದೆ. ಅದರಲ್ಲಿರುವುದು ರಸ್ತೆಯ ಮರಳು, ಬ್ರೇಕಿನ ರಬ್ಬರ್, ಜೊತೆಗೆ ನಿಮ್ಮದೇ ರಿಮ್‌ನ ಪುಡಿ. ಬ್ರೇಕ್ ಪ್ಯಾಡ್ ಬಿಚ್ಚಿ ಬೆಳಕಿಗೆ ಹಿಡಿದರೆ ಅಲ್ಯೂಮಿನಿಯಂ ಚೂರುಗಳು ಅದರೊಳಗೆ ಹುದುಗಿ ಮಿನುಗುವುದು ಕಾಣುತ್ತದೆ. ಪಿನ್ನಿನಿಂದ ಕಿತ್ತು ತೆಗೆಯದಿದ್ದರೆ ಅವೇ ರಿಮ್‌ನಲ್ಲಿ ಗೀರು ಎಳೆಯುತ್ತಾ ಹೋಗುತ್ತವೆ. ಹಾಗಾಗಿ ಕೊಳ್ಳುವಾಗ ಬ್ರೇಕ್ ಉಜ್ಜುವ ಪಟ್ಟಿಯ ಮೇಲೆ ಸವೆತ ತೋರಿಸುವ ಸಣ್ಣ ಗುಳಿ ಅಥವಾ ಗೆರೆ ಇದೆಯೇ ನೋಡಿ. ಅದು ಅಳಿಸಿಹೋದ ದಿನ ರಿಮ್‌ನ ಆಯುಸ್ಸು ಮುಗಿಯಿತು ಎಂದೇ ಅರ್ಥ. ಸವೆದ ರಿಮ್ ಟೈರಿನ ಒತ್ತಡಕ್ಕೆ ಸೀಳಬಹುದು, ಆದ್ದರಿಂದ ಇದರಲ್ಲಿ ಉಳಿತಾಯದ ಯೋಚನೆ ಬೇಡವೇ ಬೇಡ.

ಡಿಸ್ಕ್ ಬ್ರೇಕಿನವರಿಗೆ ಈ ಸವೆತದ ಚಿಂತೆ ಇಲ್ಲ. ರೋಟರ್ (ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಆರು ಬೋಲ್ಟಿನದೋ, ನಡುವೆ ಒಂದೇ ರಿಂಗಿನಿಂದ ಬಿಗಿಯುವ ಸೆಂಟರ್‌ಲಾಕೋ ಎಂಬುದನ್ನು ತಿಳಿದುಕೊಂಡರೆ ಸಾಕು.

ಎರಡನೆಯದು: ಆಳ

ಆಳ ಹೆಚ್ಚಿದಷ್ಟೂ ಗಾಳಿಯನ್ನು ಸೀಳುವುದು ಸುಲಭ ಎನ್ನುವುದು ನಿಜ. ಆದರೆ ಅಲ್ಯೂಮಿನಿಯಂನಲ್ಲಿ ಆಳ ಹೆಚ್ಚಿಸಿದರೆ ತೂಕವೂ ಏರುತ್ತದೆ. 35 ಮಿ.ಮೀ. ದಾಟಿದ ಮೇಲೆ ಆ ವ್ಯಾಪಾರ ನಷ್ಟದ್ದೇ. ಗಾಳಿಯ ಲಾಭ ಕಾಣುವುದು ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರಿನ ಕಡೆಗೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೊಡೆಯುವಾಗ. ಭಾಗಮಂಡಲದಿಂದ ತಲಕಾವೇರಿಗೆ ಏರುವ ಎಂಟು ಕಿಲೋಮೀಟರಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಅಡ್ಡಗಾಳಿಯನ್ನೂ ಮರೆಯಬಾರದು. ಕಾಫಿ ತೋಟದ ಸಿಲ್ವರ್ ಓಕ್ ಮರಗಳ ಮರೆಯಲ್ಲಿ ಸಾಗುವವರೆಗೆ ಏನೂ ತಿಳಿಯುವುದಿಲ್ಲ. ಮರಗಳ ಸಾಲು ಮುಗಿದು ಗದ್ದೆ ಬಯಲೋ ಬೋಳು ಗುಡ್ಡವೋ ಎದುರಾದ ಕ್ಷಣ, ಮುಂಗಾರಿನ ಗಾಳಿ ಮುಂದಿನ ಚಕ್ರವನ್ನು ಪಕ್ಕಕ್ಕೆ ತಳ್ಳುತ್ತದೆ. 50 ಮಿ.ಮೀ. ಆಳದ ಚಕ್ರ ಇಂಥಲ್ಲಿ ಹ್ಯಾಂಡಲನ್ನೇ ಎಳೆದುಬಿಡುತ್ತದೆ. 30 ಮಿ.ಮೀ. ಆಸುಪಾಸಿನ ರಿಮ್ ಹೆಚ್ಚು ತಂಟೆ ಮಾಡುವುದಿಲ್ಲ. ದೇಹದ ತೂಕ ಕಡಿಮೆ ಇರುವವರು ಮುಂದಕ್ಕೆ ಇನ್ನೂ ಕಡಿಮೆ ಆಳದ್ದನ್ನು, ಹಿಂದಕ್ಕೆ 30 ಮಿ.ಮೀ.ನದನ್ನು ಹಾಕಿಕೊಂಡರೂ ತಪ್ಪಿಲ್ಲ.

ಮೂರನೆಯದು: ಅಗಲ

ನನ್ನ ಮಟ್ಟಿಗೆ ಆಳಕ್ಕಿಂತ ಅಗಲವೇ ಮುಖ್ಯ. ಹಳೆಯ ರಿಮ್‌ಗಳ ಒಳ ಅಗಲ 15 ಮಿ.ಮೀ. ಇರುತ್ತಿತ್ತು. ಈಗ 19 ಅಥವಾ 21 ಮಿ.ಮೀ.ನವು ಸಿಗುತ್ತವೆ. ಅಂಥ ರಿಮ್ ಮೇಲೆ 28 ಮಿ.ಮೀ. ಟೈರ್ ಚೆನ್ನಾಗಿ ಹರಡಿ ಕೂರುತ್ತದೆ, ಕಡಿಮೆ ಗಾಳಿ ತುಂಬಿ ಓಡಿಸಬಹುದು, ಒದ್ದೆ ತಿರುವಿನಲ್ಲಿ ಹಿಡಿತ ಸಿಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಒಳರಸ್ತೆಗಳಲ್ಲಿ ಡಾಂಬರಿಗಿಂತ ಗುಂಡಿಯೇ ಹೆಚ್ಚಾಗಿರುವಾಗ ಈ ಮೆತ್ತನೆಯ ಓಟ ಸಣ್ಣ ಸೌಕರ್ಯವಲ್ಲ.

ಕೊಳ್ಳುವ ಮೊದಲು ನಿಮ್ಮ ಫ್ರೇಮಿನಲ್ಲಿ ಜಾಗ ಅಳೆಯಿರಿ. ಅಗಲದ ರಿಮ್ ಮೇಲೆ ಟೈರ್ ಉಬ್ಬುವುದರಿಂದ 28 ಎಂದು ಬರೆದ ಟೈರ್ 30ರಷ್ಟಾಗಬಹುದು. ಟೈರಿಗೂ ಫ್ರೇಮಿಗೂ ನಡುವೆ ಸುತ್ತಲೂ ಕನಿಷ್ಠ 4 ಮಿ.ಮೀ. ಬಿಡುವು ಇರಲಿ. ಕೆಸರು, ಕೊಳೆತ ಎಲೆ ಅಂಟಿಕೊಂಡಾಗ ಅದೂ ಕಡಿಮೆಯೇ. ಟೈರಿನ ಬದಿಯಲ್ಲಿ 28-622 ಎಂದು ಬರೆದಿರುತ್ತದೆ. 622 ಎಂಬುದು ಟೈರ್ ಕೂರುವ ವ್ಯಾಸ, 700ಸಿ ಎಂದು ಕರೆಯುವ ಎಲ್ಲ ರಿಮ್‌ಗೂ ಅದೇ.

ಇನ್ನೊಂದು ಎಚ್ಚರಿಕೆ. ಈಚಿನ ಕೆಲವು ರಿಮ್‌ಗಳಿಗೆ ಒಳಗೆ ಕೊಕ್ಕೆಯೇ ಇರುವುದಿಲ್ಲ. ಅವಕ್ಕೆ ಒಪ್ಪುವ ಟೈರೇ ಬೇರೆ, ಗಾಳಿಯ ಒತ್ತಡವೂ 5 ಬಾರ್, ಅಂದರೆ ಸುಮಾರು 72 ಪಿಎಸ್ಐ ಮೀರುವಂತಿಲ್ಲ. ಸಾಧಾರಣ ಕ್ಲಿಂಚರ್ ಟೈರ್ ಬಳಸುವವರು ಕೊಕ್ಕೆ ಇರುವ ರಿಮ್ ಎಂದು ಕೇಳಿಯೇ ಕೊಳ್ಳಬೇಕು.

ನಾಲ್ಕನೆಯದು: ಕಡ್ಡಿ, ನಿಪ್ಪಲ್, ಹಬ್

ಕಡಿಮೆ ಸ್ಪೋಕ್ ಕಡ್ಡಿಗಳ ಚಕ್ರ ನೋಡಲು ಚಂದ. ಕ್ಯಾಂಪಗ್ನೋಲೊ ಕಂಪನಿಯ ಜೋಂಡಾ ಚಕ್ರದ ಹಿಂಬದಿಯಲ್ಲಿ ಮೂರು ಮೂರರ ಗುಂಪಾಗಿ ಜೋಡಿಸಿದ 21 ಕಡ್ಡಿಗಳಷ್ಟೇ ಇರುತ್ತವೆ, ಅದು ಒಳ್ಳೆಯ ಚಕ್ರವೂ ಹೌದು. ಆದರೆ ನಾಪೋಕ್ಲುವಿನ ಹತ್ತಿರ ಗುಂಡಿಗೆ ಬಿದ್ದು ಅದರ ಒಂದು ಕಡ್ಡಿ ಮುರಿಯಿತು ಎನ್ನಿ. ಅಂಥದೇ ಕಡ್ಡಿ ಊರಿನ ಅಂಗಡಿಯಲ್ಲಿ ಸಿಗುವ ಭರವಸೆ ಇಲ್ಲ. ಕಡ್ಡಿಗಳು ಕಡಿಮೆ ಇದ್ದಷ್ಟೂ ಒಂದು ಹೋದಾಗ ರಿಮ್ ಹೆಚ್ಚು ಬೆಂಡಾಗುತ್ತದೆ, ಬ್ರೇಕಿಗೋ ಫ್ರೇಮಿಗೋ ತಗುಲಿ ಮನೆ ಸೇರುವುದೇ ಕಷ್ಟವಾಗಬಹುದು.

ಆದ್ದರಿಂದ ಮುಂದೆ 24, ಹಿಂದೆ 28 ಕಡ್ಡಿಗಳ, ತಲೆ ಬಾಗಿದ ಸಾಧಾರಣ ಸ್ಪೋಕಿನ ಚಕ್ರವನ್ನು ಆರಿಸಿ. ದೇಹದ ತೂಕ 85 ಕಿಲೋ ದಾಟಿದ್ದರೆ 28 ಮತ್ತು 32 ಇರಲಿ. ಜೊತೆಯಲ್ಲೇ ನಾಲ್ಕೈದು ಬದಲಿ ಕಡ್ಡಿ ಕೇಳಿ ಪಡೆದುಕೊಳ್ಳಿ. ಹಿಂದಿನ ಚಕ್ರದ ಎಡಕ್ಕೂ ಬಲಕ್ಕೂ ಉದ್ದ ಬೇರೆಯಾಗಿರುತ್ತದೆ, ಎರಡೂ ಬೇಕು. ಕಡ್ಡಿಯನ್ನು ರಿಮ್‌ಗೆ ಬಿಗಿಯುವ ನಿಪ್ಪಲ್ ಹಿತ್ತಾಳೆಯದೇ ಇರಲಿ. ಅಲಾಯ್ ನಿಪ್ಪಲ್ ಕೆಲವು ಗ್ರಾಂ ಹಗುರ, ಆದರೆ ಸದಾ ತೇವವಿರುವಲ್ಲಿ ತುಕ್ಕಿನಂತೆ ಬಿಳಿ ಹುಡಿ ಕಟ್ಟಿ ಕಡ್ಡಿಗೆ ಕಚ್ಚಿಕೊಳ್ಳುತ್ತದೆ. ಬೆಂಡ್ ತೆಗೆಯಲು ಕೀಲಿ ಹಾಕಿ ತಿರುಗಿಸಿದರೆ ಅಂಚು ಕಿತ್ತು ಬರುತ್ತದೆ.

ಚಕ್ರದ ನಡುಭಾಗವಾದ ಹಬ್‌ನಲ್ಲಿ ಬೇರಿಂಗ್ ಎರಡು ಬಗೆ. ಬಿಡಿ ಗುಂಡುಗಳದ್ದಾದರೆ ಊರಿನ ಸೈಕಲ್ ಅಂಗಡಿಯವರೇ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಕೊಡುತ್ತಾರೆ. ಸೀಲ್ ಮಾಡಿದ ಬೇರಿಂಗ್ ಇದ್ದರೆ ಅದರ ಮೇಲಿನ ನಂಬರ್ ಬರೆದಿಟ್ಟುಕೊಳ್ಳಿ. 6902ರಂತಹ ಸಾಮಾನ್ಯ ಅಳತೆಯದಾದರೆ ಬೇರಿಂಗ್ ಅಂಗಡಿಯಲ್ಲೇ ಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ಸರಿ, ಮಳೆಗಾಲ ಮುಗಿದ ಕೂಡಲೇ ಒಮ್ಮೆ ತೆರೆದು ನೋಡಬೇಕು.

ಅಳತೆ ಹೊಂದುತ್ತದೆಯೇ?

ಹಬ್ ಕೂರುವ ಜಾಗದ ಅಗಲ ರಿಮ್ ಬ್ರೇಕ್ ಬೈಕಿನಲ್ಲಿ ಸಾಮಾನ್ಯವಾಗಿ ಮುಂದೆ 100, ಹಿಂದೆ 130 ಮಿ.ಮೀ. ಈಚಿನ ಡಿಸ್ಕ್ ಬೈಕಿನಲ್ಲಿ 12 ಮಿ.ಮೀ. ದಪ್ಪದ ಆಕ್ಸಲ್, ಮುಂದೆ 100, ಹಿಂದೆ 142. ಫ್ರೀಹಬ್ (ಹಿಂದಿನ ಹಬ್‌ನಲ್ಲಿ ಗಿಯರ್ ಕೂರುವ ಭಾಗ) ನಿಮ್ಮ ಕ್ಯಾಸೆಟ್‌ಗೆ, ಅಂದರೆ ಹಿಂದಿನ ಗಿಯರ್ ಹಲ್ಲುಚಕ್ರಗಳ ಗೊಂಚಲಿಗೆ, ಹೊಂದಬೇಕು. ಶಿಮಾನೊ 11 ಸ್ಪೀಡಿನ ರೋಡ್ ಹಬ್‌ಗೆ ಹಳೆಯ 8 ಅಥವಾ 9 ಸ್ಪೀಡ್ ಕ್ಯಾಸೆಟ್ ಹಾಕಲು 1.85 ಮಿ.ಮೀ.ನ ಒಂದು ಬಿಲ್ಲೆ ಸೇರಿಸಿದರೆ ಆಯಿತು.

ಟ್ಯೂಬಿನ ವಾಲ್ವ್ ಉದ್ದವನ್ನು ಹಲವರು ಮರೆಯುತ್ತಾರೆ. 30 ಮಿ.ಮೀ. ರಿಮ್‌ಗೆ 48 ಮಿ.ಮೀ. ವಾಲ್ವ್ ಸಾಕು, 35 ದಾಟಿದರೆ 60 ಬೇಕು. ಚೀಲದಲ್ಲಿರುವ ಬದಲಿ ಟ್ಯೂಬ್ ಕೂಡ ಅದೇ ಉದ್ದದ್ದಾಗಿರಬೇಕು, ಇಲ್ಲವಾದರೆ ಪಂಪಿನ ಬಾಯಿಗೆ ವಾಲ್ವ್ ಸಿಗುವುದೇ ಇಲ್ಲ. ತೆಳು ಪ್ರೆಸ್ಟಾ ವಾಲ್ವ್‌ಗೆ ಹಾಕುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಜೇಬಿನಲ್ಲಿದ್ದರೆ ಸುಂಟಿಕೊಪ್ಪದ್ದೋ ಗೋಣಿಕೊಪ್ಪದ್ದೋ ಪಂಕ್ಚರ್ ಅಂಗಡಿಯಲ್ಲೂ ಗಾಳಿ ತುಂಬಿಸಿಕೊಳ್ಳಬಹುದು.

ಕೈಗೆ ಬಂದ ಮೇಲೆ

ಚಕ್ರವನ್ನು ತಿರುಗಿಸಿ, ರಿಮ್ ಅತ್ತಿತ್ತ ಓಲಾಡುತ್ತದೆಯೇ ನೋಡಿ. ಅರ್ಧ ಮಿ.ಮೀ.ಗಿಂತ ಹೆಚ್ಚು ಓಲಾಟ ಹೊಸ ಚಕ್ರದಲ್ಲಿ ಇರಬಾರದು. ಒಂದೇ ಬದಿಯ ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಮೀಟಿದರೆ ಹೆಚ್ಚುಕಡಿಮೆ ಒಂದೇ ಸ್ವರ ಬರಬೇಕು. ಯಾವುದಾದರೂ ಒಂದು ಮಂದವಾಗಿ ನುಡಿದರೆ ಅದು ಸಡಿಲವಾಗಿದೆ, ಅಂಗಡಿಯಲ್ಲೇ ಸರಿ ಮಾಡಿಸಿ. ಮೊದಲ ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಕಡ್ಡಿಗಳು ತಮ್ಮ ಜಾಗದಲ್ಲಿ ಕುಳಿತು ಬಿಗಿ ಬದಲಾಗಿರುತ್ತದೆ, ಆಗ ಇನ್ನೊಮ್ಮೆ ಪರೀಕ್ಷಿಸಿ.

ಹಳೆಯ ಚಕ್ರಗಳನ್ನು ಮಾರಬೇಡಿ. ಜೂನ್ ಬರುತ್ತಿದ್ದಂತೆ ಅವನ್ನೇ ಹಾಕಿಕೊಂಡು ಓಡಿಸಿದರೆ ಹೊಸ ರಿಮ್ ಮಳೆಯಲ್ಲಿ ಸವೆಯುವುದು ತಪ್ಪುತ್ತದೆ. ಎರಡರ ಹೊರ ಅಗಲ ಬೇರೆಯಾಗಿರುವುದರಿಂದ, ಪ್ರತಿ ಸಲ ಚಕ್ರ ಬದಲಿಸಿದಾಗಲೂ ಬ್ರೇಕ್ ಕೇಬಲ್ ಬಿಗಿ ಸರಿಪಡಿಸಿ, ಪ್ಯಾಡ್‌ಗಳು ಟೈರಿಗೆ ತಾಗದೆ ರಿಮ್‌ನ ಪಟ್ಟಿಯ ಮೇಲೇ ಕೂರುತ್ತಿವೆಯೇ ಎಂದು ನೋಡಿಕೊಂಡು ಹೊರಡಿ.