ಅರವತ್ತು ಸಾವಿರದಲ್ಲಿ ನನ್ನ ಮೊದಲ ಗೇಮಿಂಗ್ ಪಿಸಿ

2023ರ ಕೊನೆಯಲ್ಲಿ ಒಂದು ದಿನ ಬೆಳಗ್ಗೆ ತುಮಕೂರಿನಲ್ಲಿ ರೈಲು ಹತ್ತಿ ಕಂಪ್ಯೂಟರ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಜೇಬಲ್ಲಿ ಅರವತ್ತು ಸಾವಿರ. ಮಾನಿಟರ್ ಮನೆಯಲ್ಲೇ ಇತ್ತು. ಅಣ್ಣನ ಹಳೇದು, 1080ಪಿ, 60 ಹರ್ಟ್ಸ್.

ಮೊದಲ ಅಂಗಡಿಯಲ್ಲೇ ಜೋಡಿಸಿಟ್ಟ ಸೆಟ್ ಒಂದನ್ನು ತೋರಿಸಿದರು. "ಸಾರ್, ಐ7 ಇದೆ, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ, ಯಾವ ಗೇಮ್ ಬೇಕಾದ್ರೂ ಆಡಿ." ಬೆಲೆ 28 ಸಾವಿರ! ಆಸೆ ಆಯಿತು. ಐ7 ಅನ್ನುವುದು ಇಂಟೆಲ್ ಪ್ರೊಸೆಸರ್ ಸರಣಿಯ ಹೆಸರು. ಯಾವ ಐ7 ಅಂತ ಕೇಳಿದೆ. ಐ7-2600, ಅಂದರೆ 2011ರದು. ಕಾರ್ಡು ಜಿಟಿ 730, 2014ರದು. 4 ಜಿಬಿ ಅನ್ನುವುದು ಅದರ ಮೆಮೊರಿ ಮಾತ್ರ. ಟ್ಯಾಂಕ್ ದೊಡ್ಡದಿದ್ದು ನಲ್ಲಿಯಲ್ಲಿ ಹನಿ ಹನಿ ಬಂದ ಹಾಗೆ. ನಮಸ್ಕಾರ ಹೇಳಿ ಹೊರಗೆ ಬಂದೆ.

ನಾನು ಮೊದಲು ಆರಿಸಿದ್ದು ಗ್ರಾಫಿಕ್ಸ್ ಕಾರ್ಡ್. ಗೇಮ್ ಹೇಗೆ ಓಡುತ್ತದೆ ಅನ್ನುವುದು ಬಹುಪಾಲು ಅದರ ಕೈಯಲ್ಲಿದೆ ಅಲ್ವಾ? ನನ್ನ ಮಾನಿಟರ್‌ಗೆ ಆರ್‌ಎಕ್ಸ್ 6600 ಧಾರಾಳ ಸಾಕಿತ್ತು. 8 ಜಿಬಿ, 132 ವ್ಯಾಟ್, 21,500 ರೂಪಾಯಿ. ಆರ್‌ಟಿಎಕ್ಸ್ 3060 ಮೇಲೂ ಕಣ್ಣಿತ್ತು. ಆದರೆ ಅದಕ್ಕೆ ಇನ್ನೂ ಐದು ಸಾವಿರ ಜಾಸ್ತಿ ಹೇಳಿದರು. ಬ್ಲೆಂಡರ್‌ನಂಥ 3ಡಿ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವನಾಗಿದ್ದರೆ ಅದನ್ನೇ ತರುತ್ತಿದ್ದೆ. ನನಗೆ ಬರೀ ಆಟ.

ಪ್ರೊಸೆಸರ್ ರೈಜೆನ್ 5 5600, ಹನ್ನೆರಡು ಸಾವಿರ. ಆರು ಕೋರ್. ಕೂಲರ್ ಡಬ್ಬದಲ್ಲೇ ಬರುತ್ತದೆ. ಹೊಸ ಎಎಮ್5 ಸಾಕೆಟ್‌ಗೆ ಕೂರುವ ಪ್ರೊಸೆಸರ್ ತಗೊಂಡರೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಬೇಕು, ಮದರ್‌ಬೋರ್ಡೂ ದುಬಾರಿ, ಆ ದುಡ್ಡನ್ನು ಕಾರ್ಡಿನಿಂದಲೇ ಕಿತ್ತುಕೊಳ್ಳಬೇಕು. ಹಾಗಾಗಿ ಏಳು ಸಾವಿರದ ಬಿ450 ಬೋರ್ಡ್ ಸಾಕು ಅನ್ನಿಸಿತು. ಇದರಲ್ಲೊಂದು ಎಚ್ಚರಿಕೆ ಇದೆ. ಹಳೇ ಸ್ಟಾಕ್ ಆದರೆ ಬಯಾಸ್ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಆಗದೆ 5000 ಸರಣಿಯ ಚಿಪ್ ಏಳುವುದೇ ಇಲ್ಲ. ಡಬ್ಬದ ಮೇಲೆ 'ರೈಜೆನ್ 5000 ರೆಡಿ' ಸ್ಟಿಕ್ಕರ್ ನೋಡಿಯೇ ದುಡ್ಡು ಕೊಟ್ಟೆ.

ರ‍್ಯಾಮ್ 16 ಜಿಬಿ, ಮೂರೂವರೆ ಸಾವಿರ. ಅಂಗಡಿಯವರು 16ರ ಒಂದೇ ಸ್ಟಿಕ್ ಕೊಡಲು ಬಂದರು. ನಾನು 8ರ ಎರಡು ಕೇಳಿದೆ. ಎರಡಿದ್ದರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಡೇಟಾ ಎರಡು ದಾರಿಯಲ್ಲಿ ಓಡುತ್ತದೆ. 500 ಜಿಬಿ ಎನ್‌ವಿಎಮ್‌ಇ ಡ್ರೈವ್‌ಗೆ (ಗೇಮ್, ಫೈಲ್ ಇಡುವ ಜಾಗ) ಮೂರು ಸಾವಿರ, ಕ್ಯಾಬಿನೆಟ್‌ಗೆ ಮೂರು ಸಾವಿರ.

ಜಗಳ ಆಗಿದ್ದು ಪಿಸಿಗೆ ಕರೆಂಟ್ ಹಂಚುವ ಎಸ್‌ಎಮ್‌ಪಿಎಸ್ ವಿಷಯಕ್ಕೆ. ಇನ್ನೊಂದು ಕ್ಯಾಬಿನೆಟ್ ಜೊತೆ '450 ವ್ಯಾಟ್' ಎಸ್‌ಎಮ್‌ಪಿಎಸ್ ಫ್ರೀ ಅಂದರು. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ. ನನ್ನ ಗೆಳೆಯ ಇಂಥದ್ದೇ ಹಾಕಿಸಿಕೊಂಡಿದ್ದ. ಗೇಮ್ ಲೋಡ್ ಆಗುತ್ತಿದ್ದ ಹಾಗೆ ಪಿಸಿ ಠಪ್ ಅಂತ ಆಫ್. ಕೊನೆಗೆ ಬೋರ್ಡನ್ನೂ ಸುಟ್ಟುಕೊಂಡ. ನಾನು ನಾಲ್ಕು ಸಾವಿರ ಕೊಟ್ಟು 550 ವ್ಯಾಟ್‌ನ 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ಗುರುತು) ಇರುವುದನ್ನು ತಗೊಂಡೆ. ಇದರಲ್ಲಿ ಮಾತ್ರ ಜುಗ್ಗತನ ಬೇಡ.

ಅಲ್ಲಿಗೆ 54 ಸಾವಿರ. ನಮ್ಮೂರಲ್ಲಿ ಕರೆಂಟ್ ಹೋಗುವುದು ಗೊತ್ತಿದ್ದರಿಂದ ಮೂರು ಸಾವಿರಕ್ಕೆ 600 ವಿಎ ಯುಪಿಎಸ್ ಕೂಡ ತಂದೆ. ಅದರಿಂದ ಸಿಗುವುದು ಸುಮಾರು 360 ವ್ಯಾಟ್. ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಆಫ್ ಮಾಡಲು.

ರಾತ್ರಿ ಮನೆಯಲ್ಲಿ ಕೂತು ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಅರ್ಧ ಗಂಟೆ ರ‍್ಯಾಮ್ ತೆಗೆದೆ, ಹಾಕಿದೆ, ಬೆವರಿದೆ. ಹಿಂದಿನಿಂದ ನೋಡುತ್ತಿದ್ದ ಅಣ್ಣ, "ಲೋ, ಕೇಬಲ್ ಎಲ್ಲಿಗೆ ಚುಚ್ಚಿದೀಯೋ?" ಅಂದ. ಎಚ್‌ಡಿಎಮ್‌ಐ ಕೇಬಲನ್ನು ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡ್‌ಗೆ ಹಾಕಿದ್ದೆ. 5600 ಚಿಪ್‌ನಲ್ಲಿ ಸ್ವಂತ ಗ್ರಾಫಿಕ್ಸ್ ಇಲ್ಲ, ಅಲ್ಲಿಂದ ಚಿತ್ರ ಬರುವುದಾದರೂ ಹೇಗೆ?

ಎರಡು ವಾರದ ಮೇಲೆ ಟಾಸ್ಕ್ ಮ್ಯಾನೇಜರ್ ಸುಮ್ನೆ ತೆರೆದಾಗ ರ‍್ಯಾಮ್ ವೇಗ 2400 ಅಂತ ಕಂಡಿತು. ದುಡ್ಡು ಕೊಟ್ಟಿದ್ದು 3200ಕ್ಕೆ. ಬಯಾಸ್‌ಗೆ ಹೋಗಿ ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಮ್‌ಪಿ ಆನ್ ಮಾಡಿದೆ. ಅಣ್ಣನಿಗೆ ಇದನ್ನು ಹೇಳಿಲ್ಲ.