ಜರ್ಮನಿಲಿ ಗ್ಯಾಸ್ ಹೀಟಿಂಗ್ ಇರೋರು ಕಾರ್ಬನ್ ದುಡ್ಡು ವಾಪಸ್ ಕೇಳಿ

ಆನ್‌ಮೆಲ್ಡುಂಗ್ (ಹೊಸ ವಿಳಾಸ ಸರ್ಕಾರಿ ಆಫೀಸಲ್ಲಿ ನೋಂದಾಯ್ಸೋದು), ಬ್ಯಾಂಕ್ ಅಕೌಂಟ್, ಕಸ ಬೇರೆ ಮಾಡೋದು, ಇದೆಲ್ಲ ಬಂದ ವಾರದಲ್ಲೇ ಯಾರಾದ್ರೂ ಹೇಳ್ಕೊಡ್ತಾರೆ. ಇದನ್ನ ಮಾತ್ರ ಯಾರೂ ಹೇಳಲ್ಲ. ಮೊನ್ನೆ ಹಾಸನದ ಹುಡುಗನೊಬ್ಬ ಗ್ಯಾಸ್ ಬಿಲ್ ಹಿಡ್ಕೊಂಡು ಬಂದಿದ್ದ, ನೋಡಿದ್ರೆ ನಾನು ಮಾಡಿದ ತಪ್ಪನ್ನೇ ಮಾಡೋದ್ರಲ್ಲಿದ್ದ.

2021ರಿಂದ ಇಲ್ಲಿ ಪೆಟ್ರೋಲ್, ಡೀಸೆಲ್, ಗ್ಯಾಸಿಗೆಲ್ಲ ಕಾರ್ಬನ್ ಬೆಲೆ ಇದೆ, ಅಂದ್ರೆ ಉರಿಸಿದಾಗ ಬರೋ ಸಿಓಟುಗೆ (ಕಾರ್ಬನ್ ಡೈಆಕ್ಸೈಡ್) ದುಡ್ಡು. ಟನ್ ಸಿಓಟುಗೆ 25 ಯುರೋ ಇದ್ದಿದ್ದು 2024ಕ್ಕೆ 45, 2025ಕ್ಕೆ 55 ಆಯ್ತು. ಬಾಯ್ಲರ್ ಹಳೇದು, ಕಿಟಕಿ ಸಂದಿಲಿ ಚಳಿಗಾಳಿ ನುಗ್ಗುತ್ತೆ ಅಂದ್ರೆ ಅದು ಬಾಡಿಗೆಗಿರೋರ ತಪ್ಪಲ್ಲ, ಅದಕ್ಕೇ 2023ರಿಂದ ಓನರೂ ಪಾಲು ಕೊಡ್ಬೇಕು ಅಂತ ಕಾನೂನಾಯ್ತು. ಮನೆಯ ಚದರ ಮೀಟರಿಗೆ ವರ್ಷಕ್ಕೆ 12 ಕೆಜಿ ಸಿಓಟು ಒಳಗಿದ್ರೆ ಆ ಖರ್ಚು ಪೂರ್ತಿ ನಮ್ದೇ, 52 ಮುಟ್ಟಿದ್ರೆ 95 ಪರ್ಸೆಂಟ್ ಓನರ್ದು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ.

ಈಗ ಸರಿಯಾಗಿ ಕೇಳಿಸ್ಕೊಳ್ಳಿ. ಇಡೀ ಬಿಲ್ಡಿಂಗಿಗೆ ಒಂದೇ ಬಾಯ್ಲರ್ ಇದ್ರೆ ಓನರೇ ವರ್ಷದ ಲೆಕ್ಕದಲ್ಲಿ ಕಳೀಬೇಕು. ಆದ್ರೆ ಬಾತ್‌ರೂಮ್ ಗೋಡೆ ಮೇಲೆ ನಿಮ್ಮನೆಗೇ ಅಂತ ಗಾಸ್‌ಥೆರ್ಮೆ (ಚಿಕ್ಕ ಗ್ಯಾಸ್ ಬಾಯ್ಲರ್) ಇದ್ದು, ಗ್ಯಾಸ್ ಕಾಂಟ್ರಾಕ್ಟ್ ನಿಮ್ಮ ಹೆಸರಲ್ಲಿದ್ರೆ ನೀವೇ ಓನರಿಗೆ ಬರೆದು ಕೇಳ್ಬೇಕು, ಅದೂ ಗ್ಯಾಸ್ ಕಂಪನಿ ಬಿಲ್ ಬಂದ 12 ತಿಂಗಳೊಳಗೆ. ತಡ ಆದ್ರೆ ದುಡ್ಡು ಹೋಯ್ತು. ನಂದು 60 ಚದರ ಮೀಟರ್ ಹಳೇ ಮನೆ, ಓನರ್ ಪಾಲು 60 ಪರ್ಸೆಂಟ್ ಬರ್ತಿತ್ತು, 2023ರ ಬಿಲ್ಲಿಗೆ ಕೇಳಲೇ ಇಲ್ಲ, 45 ಯುರೋ ಹತ್ರ ಹೋಯ್ತು. ಮುಂದಿನ ವರ್ಷ ಕೇಳ್ದೆ, 70 ಚಿಲ್ಲರೆ ಬಂತು. ಓನರ್ ತಾನಾಗೇ ಕೊಡ್ತಾರೆ ಅಂತ ದಯವಿಟ್ಟು ಕಾಯಬೇಡಿ.

ಈ ಬೆಲೆ ಹಾಕಿರೋದೇ ಹೊಗೆ ಕಮ್ಮಿಯಾಗ್ಲಿ ಅಂತ. ಎಕಾನಮಿ ದೊಡ್ಡದಾದಷ್ಟೂ ಹೊಗೆ ಜಾಸ್ತಿ ಅಂತ ನಾನೂ ನಂಬಿದ್ದೆ. ಆದ್ರೆ 1990ರಿಂದ ಜರ್ಮನಿ ಎಕಾನಮಿ ಬೆಳೀತು, ಎಮಿಷನ್ ಹತ್ತಿರತ್ತಿರ ಅರ್ಧಕ್ಕಿಳೀತು. ಒಂದಷ್ಟು ಪೂರ್ವ ಜರ್ಮನಿ ಫ್ಯಾಕ್ಟರಿಗಳು ಮುಚ್ಚಿದ್ದಕ್ಕೆ, ಇನ್ನೊಂದಷ್ಟು ಸರ್ಕಾರ ಗಾಳಿ, ಸೋಲಾರ್ ಬೆನ್ನಿಗೆ ನಿಂತಿದ್ದಕ್ಕೆ. ಆದ್ರೂ ತಲೆಗೆ ವರ್ಷಕ್ಕೆ 7 ಟನ್ ಸಿಓಟು, ನಮ್ಮಲ್ಲಿ ಸುಮಾರು 2. ಪಕ್ಕದ ಫ್ರಾನ್ಸ್ ಅಣುವಿದ್ಯುತ್ ಬಿಡ್ಲಿಲ್ಲ, ಅವರದ್ದು ಇವರಿಗಿಂತ ಎಷ್ಟೋ ಕಮ್ಮಿ. ಇಲ್ಲಿ 2023ರ ಏಪ್ರಿಲಲ್ಲಿ ಕೊನೇ 3 ರಿಯಾಕ್ಟರನ್ನೂ ಮುಚ್ಚಿದ್ರು, ಅದು ದೊಡ್ಡ ತಪ್ಪು ಅನ್ನೋದೇ ನನ್ನ ಅಭಿಪ್ರಾಯ. ಆದ್ರೆ ಈ ಪಾಲಿನ ಕಾನೂನು ನ್ಯಾಯವಾದದ್ದು, ಬಾಯ್ಲರ್ ಬದಲಾಯ್ಸೋ ಅಧಿಕಾರ ಇರೋದು ಓನರಿಗೆ ತಾನೇ.

ಬಿಲ್ಲಲ್ಲಿ ಎಷ್ಟು ಕೆಜಿ ಸಿಓಟು, ಅದಕ್ಕೆಷ್ಟು ದುಡ್ಡು ಅಂತ ಬರೆದಿರುತ್ತೆ. ಕೆಜಿನ ಬಾಡಿಗೆ ಅಗ್ರಿಮೆಂಟಲ್ಲಿರೋ ಚದರ ಮೀಟರಿಂದ ಭಾಗಿಸಿ, ಓನರ್ ಪಾಲೆಷ್ಟು ಅಂತ ನೋಡಿ, ಬಿಲ್ ಕಾಪಿ ಜೊತೆ ಓನರಿಗೆ ಮೇಲ್ ಮಾಡಿ. ಆ ಹುಡುಗನ ಬಿಲ್ಲಿಗೆ ಇನ್ನು ಮೂರೇ ವಾರ ಉಳಿದಿತ್ತು, ಅವತ್ತು ರಾತ್ರಿ ಊಟಕ್ಕೆ ಮುಂಚೆನೇ ಕೂತು ಕಳಿಸಿದ್ವಿ.